ಶಹಾಬಾದ್: ಊರಿನ ಹೆಸರು, ಕಲ್ಲಿನ ಹೆಸರು

ಕಳೆದ ತಿಂಗಳು ಒಂದು ಜುಮಾ ನಮಾಝ್ ಮುಗಿದು ಜನರೆಲ್ಲ ಚಪ್ಪಲಿ ಹುಡುಕಿಕೊಂಡು ಹೊರಡುತ್ತಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ನನ್ನ ಹತ್ತಿರ ಬಂದು ನಿಂತ. ಕೈಯಲ್ಲಿ ನೋಟ್‌ಬುಕ್ ಇತ್ತು. ಶಾಲೆಯಲ್ಲಿ ‘ನಮ್ಮ ಊರಿಗೆ ಆ ಹೆಸರು ಹೇಗೆ ಬಂತು’ ಎಂದು ಎರಡು ಪುಟ ಬರೆದು ತರಲು ಹೇಳಿದ್ದರಂತೆ.

“ಹಜರತ್, ಶಹಾಬಾದ್ ಅಂದ್ರೆ ಯಾವ ಶಾಹ್?” ಎಂದು ಕೇಳಿದ.

ಅವನ ಮಾಮು ಒಬ್ಬ ಬಾದಶಾಹನ ಹೆಸರು ಹೇಳಿದ್ದರು. ದಾದಿ ಮಾತ್ರ ಬಾದಶಾಹ ಅಲ್ಲ, ಒಬ್ಬ ಬುಝುರ್ಗರು ಇದ್ದರು, ಅವರೇ ಶಾಹ್ ಸಾಹೇಬರು ಎಂದಿದ್ದರು. ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದು, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ನಾನು ನಕ್ಕೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದ. ಕ್ಲಾಸಿನಲ್ಲಿ ಯಾರೋ, “ಅದು ಹೊರಗಿನವರ ಹೆಸರು, ಒಂದು ದಿನ ಬದಲಾಯಿಸ್ತಾರೆ” ಎಂದಿದ್ದರಂತೆ. “ಹೌದಾ ಹಜರತ್?” ಅವನು ನಿಜವಾಗಿ ಕೇಳಲು ಬಂದದ್ದು ಇದನ್ನೇ ಎಂದು ನನಗೆ ಆಗ ತಿಳಿಯಿತು.

ಮುಂದಿನ ಶುಕ್ರವಾರ ಹೇಳುತ್ತೇನೆ ಎಂದು ಕಳಿಸಿದೆ. ಆ ಒಂದು ವಾರ ನನ್ನ ಬಿ.ಎ. ಕಾಲದ ಇತಿಹಾಸದ ಪುಸ್ತಕಗಳನ್ನೂ ಮದರಸಾದ ನಿಘಂಟುಗಳನ್ನೂ ಮತ್ತೆ ತೆಗೆದೆ. ಹುಡುಗನಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಇಂಥ ನೋಟ್‌ಬುಕ್ ಹಿಡಿದ ಮಕ್ಕಳು ಇನ್ನೂ ಇದ್ದಾರೆ.

ಮೊದಲು ‘ಯಾವ ಶಾಹ್’ ಎಂಬುದನ್ನೇ ನೋಡೋಣ. ನಮ್ಮ ಜಿಲ್ಲೆಯಲ್ಲಿ ಶಾಹ್‌ಗಳಿಗೇನೂ ಬರ ಇರಲಿಲ್ಲ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ್ ಗುಲಬರ್ಗಾದಲ್ಲಿ ರಾಜ್ಯ ಕಟ್ಟಿದರು. ಅವರ ನಂತರ ಬಂದವರೂ ಶಾಹ್‌ಗಳೇ. ಬಹಮನಿ ರಾಜ್ಯ ಒಡೆದ ಮೇಲೆ ಬಿಜಾಪುರದಲ್ಲಿ ಆದಿಲ್ ಶಾಹಿ, ಬೀದರಿನಲ್ಲಿ ಬರೀದ್ ಶಾಹಿ, ಗೋಲ್ಕೊಂಡಾದಲ್ಲಿ ಕುತುಬ್ ಶಾಹಿ. ಈ ಮೂರೂ ರಾಜ್ಯಗಳು ಪರಸ್ಪರ ತಾಗುತ್ತಿದ್ದದ್ದು ನಮ್ಮ ಈ ಭೀಮಾ ಕಾಗಿಣಾ ತೀರದಲ್ಲಿ. ಇಂದು ಒಬ್ಬನ ಕೋಟೆ, ನಾಳೆ ಇನ್ನೊಬ್ಬನದು. ಆಮೇಲೆ ಮೊಗಲರು ಬಂದರು, 1724ರಿಂದ ಆಸಿಫ್ ಜಾಹಿ ನಿಜಾಮರು. ಇನ್ನು ದಖ್ಖನಿನಲ್ಲಿ ಸೂಫಿ ಸಂತರನ್ನೂ ‘ಶಾಹ್’ ಎಂದೇ ಗೌರವದಿಂದ ಕರೆಯುತ್ತಾರೆ. ಹಾಗಾಗಿ ಮಾಮು ಹೇಳಿದ್ದೂ ದಾದಿ ಹೇಳಿದ್ದೂ ಪದದ ಅರ್ಥದ ಮಟ್ಟಿಗೆ ಸರಿಯೇ.

ಆದರೆ ಹೆಸರನ್ನು ಕಿವಿಗೊಟ್ಟು ಕೇಳಿ. ಫಿರೋಜಾಬಾದ್ ಎಂದರೆ ಅಲ್ಲಿ ಒಬ್ಬ ವ್ಯಕ್ತಿ ಇದ್ದಾನೆ. ಶಹಾಬಾದ್‌ನಲ್ಲಿ ವ್ಯಕ್ತಿ ಇಲ್ಲ, ಪದವಿ ಮಾತ್ರ ಇದೆ. ಬಿಹಾರದಲ್ಲಿ ಶಾಹಾಬಾದ್ ಎಂಬ ಹಳೆಯ ಜಿಲ್ಲೆಯೇ ಇತ್ತು. ಹರಿಯಾಣದಲ್ಲಿ ಒಂದಿದೆ, ಉತ್ತರ ಪ್ರದೇಶದಲ್ಲಿ ಇದೆ, ರಾಜಸ್ಥಾನದಲ್ಲಿಯೂ ಇದೆ. ಇದು ರಾಜನಿಗೆ ಸೇರಿದ ನೆಲೆ ಎಂದು ಹೇಳುವ ಸಾಮಾನ್ಯ ಹೆಸರು, ಕನ್ನಡದಲ್ಲಿ ‘ಅರಸೀಕೆರೆ’ ಎಂದ ಹಾಗೆ. ಯಾವ ಅರಸಿ ಎಂದು ಆ ಪದ ಹೇಳುವುದಿಲ್ಲ. ಹೆಸರು ಹೇಳದ್ದನ್ನು ನಾವು ಅದರ ಬಾಯಿಗೆ ತುರುಕಬಾರದು. ತಿಳಿಯದ್ದರ ಹಿಂದೆ ಬೀಳಬೇಡಿ ಎಂಬ ಕುರ್‌ಆನಿನ ಆದೇಶವನ್ನು ನಾವು ಚಾಡಿ ಮಾತಿಗೆ ಮಾತ್ರ ಅನ್ವಯಿಸುತ್ತೇವೆ. ಇತಿಹಾಸಕ್ಕೂ ಅದು ಅಷ್ಟೇ ಅನ್ವಯಿಸುತ್ತದೆ ಎಂದು ನನ್ನ ಅಭಿಪ್ರಾಯ. ದರ್ಗಾದ ಗೋಡೆಯ ಮೇಲೆ ಹೊಸದಾಗಿ ಬಣ್ಣದಲ್ಲಿ ಬರೆದ ಇಸವಿಗಳನ್ನು ಎಷ್ಟು ಕಡೆ ನೋಡಿದ್ದೇನೆ, ಬರೆದವರನ್ನು ಕೇಳಿದರೆ ಅವರಿಗೇ ಅದು ಎಲ್ಲಿಂದ ಬಂತು ಎಂದು ಗೊತ್ತಿರುವುದಿಲ್ಲ.

ಇನ್ನು ‘ಆಬಾದ್’. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಹರಡಿದೆ. ಫಾರ್ಸಿಯಲ್ಲಿ ‘ಆಬ್’ ಎಂದರೆ ನೀರು, ಆದ್ದರಿಂದ ನೀರಿರುವ ಊರೇ ಆಬಾದ್ ಎಂದು ಮದರಸಾದಲ್ಲಿ ನನಗೂ ಹೇಳಿಕೊಟ್ಟಿದ್ದರು. ಕೇಳಲು ಚೆನ್ನಾಗಿದೆ, ಆದರೆ ಭಾಷಾ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಆಬಾದ್ ಹಳೆಯ ಪಹ್ಲವಿ ಭಾಷೆಯ ಪದ. ಉಳುಮೆ ಆದ, ಜನ ನೆಲೆಸಿದ, ಕಾಪಾಡಿಕೊಂಡ ಜಾಗ ಎಂಬುದು ಅದರ ಅರ್ಥ. ‘ಪಾಳು’ ಎಂಬುದಕ್ಕೆ ವಿರುದ್ಧ ಪದ. ಇರಾನಿಗೆ ಇಸ್ಲಾಮ್ ಬರುವ ಮೊದಲೇ ಈ ಮಾತು ಅಲ್ಲಿ ಇತ್ತು. ಹಾಗಾಗಿ ‘ಆಬಾದ್’ ಎಂದ ಕೂಡಲೇ ಅದು ಮುಸಲ್ಮಾನರ ಪದ ಎಂದು ಎದೆ ಉಬ್ಬಿಸುವವರೂ, ಅದೇ ಕಾರಣಕ್ಕೆ ಮುಖ ಸಿಂಡರಿಸುವವರೂ ಇಬ್ಬರೂ ತಪ್ಪುತ್ತಾರೆ. ಅದು ಊರು ಎಂಬುದಕ್ಕೆ ಇರುವ ಒಂದು ಮಾತು, ‘ಪುರ’, ‘ಪಟ್ಟಣ’ ಇದ್ದ ಹಾಗೆ. ಯಸ್ರಿಬ್‌ಗೆ ಮದೀನಾ ಎಂಬ ಹೆಸರು ಬಂದದ್ದು ನಮಗೆಲ್ಲ ಗೊತ್ತು. ಮದೀನಾ ಎಂದರೂ ನಗರ ಎಂದೇ ಅರ್ಥ.

ನಮ್ಮ ಸುತ್ತಿನ ಐದು ಊರುಗಳನ್ನೇ ತೆಗೆದುಕೊಳ್ಳಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಸೇಡಮ್ಮಿನ ಹೆಸರು ಹಳೆಯ ಶಾಸನಗಳಲ್ಲಿ ‘ಸೇಡಿಂಬ’ ಎಂದು ಬರುತ್ತದೆ. ಚಾಲುಕ್ಯರ ಕಾಲದ ಗುಡಿಗಳೂ ಬಸದಿಗಳೂ ಅಲ್ಲಿ ಈಗಲೂ ಇವೆ. ಚಿತ್ತಾಪುರದ ಬಾಲದಲ್ಲಿ ಸಂಸ್ಕೃತದ ‘ಪುರ’ ಇದೆ. ಅದರ ಪಕ್ಕದ ನಾಗಾವಿಯಲ್ಲಿ ಹನ್ನೊಂದನೇ ಶತಮಾನದಲ್ಲಿ ಒಂದು ದೊಡ್ಡ ಘಟಿಕಾಸ್ಥಾನ ನಡೆಯುತ್ತಿತ್ತು. ಘಟಿಕಾಸ್ಥಾನ ಎಂದರೆ ನಮ್ಮ ಮಾತಿನಲ್ಲಿ ಹಾಸ್ಟೆಲ್ ಇರುವ ದೊಡ್ಡ ಮದರಸಾ. ಚಿಂಚೋಳಿಯ ‘ಚಿಂಚ’ ಮರಾಠಿಯ ಹುಣಸೆ ಮರ. ಮಹಾರಾಷ್ಟ್ರದಲ್ಲಿ ಚಿಂಚೋಳಿಗಳು ಊರೂರಿಗೆ ಸಿಗುತ್ತವೆ, ಮೈಸೂರಿನ ಕಡೆ ಅದೇ ಹುಣಸೆ ಹುಣಸೂರು ಆಗಿದೆ.

ವಾಡಿಯ ವಿಷಯದಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮದರಸಾ ಮುಗಿಸಿ ಮೊದಲ ಸಲ ವಾಡಿ ಜಂಕ್ಷನ್‌ನಲ್ಲಿ ಇಳಿದಾಗ ಬೋರ್ಡ್ ನೋಡಿ ಬಹಳ ಸಂತೋಷಪಟ್ಟಿದ್ದೆ. ಅರಬಿಯಲ್ಲಿ ‘ವಾದಿ’ ಎಂದರೆ ಕಣಿವೆ. ಇಬ್ರಾಹೀಮ್ ಅಲೈಹಿಸ್ಸಲಾಮ್ ತಮ್ಮ ಮಡದಿ ಮಕ್ಕಳನ್ನು ಬಿಟ್ಟುಬಂದ ಬರಡು ಕಣಿವೆಗೆ ಕುರ್‌ಆನ್ ಬಳಸಿರುವುದೂ ಅದೇ ಪದ. ಹೊಸದಾಗಿ ಅರಬಿ ಕಲಿತವನ ಉತ್ಸಾಹ, ನಾಲ್ಕು ಜನರಿಗೆ ಇದನ್ನು ವಿವರಿಸಿಯೂ ಬಿಟ್ಟೆ. ಆಮೇಲೆ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು ಇದನ್ನು ಕೇಳಿ, “ಮೌಲಾನಾ, ಪ್ಲಾಟ್‌ಫಾರಂ ಮೇಲೆ ನಿಂತು ನಾಲ್ಕೂ ಕಡೆ ನೋಡಿದ್ರಾ? ಕಣಿವೆ ಎಲ್ಲಿ ಕಂಡಿತು?” ಎಂದರು. ಅದು ಮರಾಠಿಯ ವಾಡಿ, ಎಂದರೆ ಸಣ್ಣ ಹಳ್ಳಿ, ಬೀಡು. ಅಂದಿನಿಂದ ಊರಿನ ಹೆಸರಿಗೆ ಅರ್ಥ ಹೇಳುವ ಮೊದಲು ಆ ಊರಿನ ನೆಲ ನೋಡುವ ಅಭ್ಯಾಸ ಮಾಡಿಕೊಂಡೆ.

ಕನ್ನಡ, ಸಂಸ್ಕೃತ, ಮರಾಠಿ, ಫಾರ್ಸಿ. ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಐದು ಊರಿನಲ್ಲಿ ನಾಲ್ಕು ಭಾಷೆ. ಸೇಡಂ ದಾಟಿದರೆ ತೆಲುಗು ಶುರುವಾಗುತ್ತದೆ. ಗಡಿಯಲ್ಲಿ ಬದುಕುವವರ ಊರುಗಳು ಹೀಗೇ ಇರುತ್ತವೆ. ಇದರಲ್ಲಿ ಯಾವುದು ಒಳಗಿನ ಹೆಸರು, ಯಾವುದು ಹೊರಗಿನದು ಎಂದು ಗೆರೆ ಎಳೆಯಲು ಕುಳಿತರೆ ಐದರಲ್ಲಿ ಎಷ್ಟು ಉಳಿಯುತ್ತವೆ ನೋಡಿ.

ಹೆಸರು ಇಡುವುದು ರಾಜರ ಕೈಯಲ್ಲಿದೆ, ಉಳಿಸುವುದು ಜನರ ಬಾಯಲ್ಲಿದೆ. ಬಹಮನಿ ಸುಲ್ತಾನರು ಗುಲಬರ್ಗಾಕ್ಕೆ ‘ಅಹ್ಸನಾಬಾದ್’ ಎಂದು ಹೆಸರಿಟ್ಟರು. ಅವರ ನಾಣ್ಯಗಳ ಮೇಲೆ ಟಂಕಸಾಲೆಯ ಹೆಸರಾಗಿ ಅದು ಅಚ್ಚಾಗಿದೆ. ಹದಿನೈದನೇ ಶತಮಾನದಲ್ಲಿ ಅಹ್ಮದ್ ಶಾಹ್ ವಲೀ ರಾಜಧಾನಿಯನ್ನು ಬೀದರಿಗೆ ಒಯ್ದು ಅದನ್ನು ‘ಮುಹಮ್ಮದಾಬಾದ್’ ಎಂದು ಕರೆದರು. ಅದೂ ನಾಣ್ಯಗಳ ಮೇಲೆ ಬಂತು. ಆದರೆ ಸಂತೆಗೆ ಹೋಗುವ ಹೆಣ್ಣುಮಕ್ಕಳು ಗುಲಬರ್ಗಾ ಎಂದೇ ಅಂದರು, ಕಲಬುರಗಿ ಎಂದೇ ಅಂದರು, ಬೀದರ್ ಎಂದೇ ಅಂದರು. ಖ್ವಾಜಾ ಬಂದಾ ನವಾಝರು 1400ರ ಸುಮಾರಿಗೆ ಬಂದು ನೆಲೆಸಿ 1422ರಲ್ಲಿ ವಫಾತಾದ ಊರನ್ನು ಅವರ ಭಕ್ತರು ಯಾರೂ ಇವತ್ತು ಅಹ್ಸನಾಬಾದ್ ಎಂದು ಹುಡುಕಿಕೊಂಡು ಬರುವುದಿಲ್ಲ. ಕೊನೆಗೆ 2014ರ ನವೆಂಬರ್ 1ರಂದು ಸರಕಾರ ಗುಲಬರ್ಗಾವನ್ನು ಅಧಿಕೃತವಾಗಿ ಕಲಬುರಗಿ ಮಾಡಿತು. ಅದೇ ದಿನ ರಾಜ್ಯದ ಇನ್ನೂ ಹಲವು ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ತಿರುಗಿದವು. ನಮ್ಮಲ್ಲಿ ಕೆಲವರು ಆಗ ಬೇಸರ ಮಾಡಿಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ಕಲಬುರಗಿ ಎಂಬುದು ಹೊಸ ಹೆಸರಲ್ಲ, ಹಳ್ಳಿಯವರ ಬಾಯಲ್ಲಿ ಅದು ಯಾವಾಗಲೂ ಇತ್ತು.

ಫಿರೋಜಾಬಾದಿನ ಕಥೆ ಬೇರೆ. ಫಿರೋಜ್ ಶಾಹ್ ಬಹಮನಿ ಕಲಬುರಗಿಯ ದಕ್ಷಿಣಕ್ಕೆ, ಭೀಮಾ ನದಿಯ ದಂಡೆಯಲ್ಲಿ ತನ್ನ ಹೆಸರಿನಲ್ಲಿ ಒಂದು ನಗರವನ್ನೇ ಕಟ್ಟಿದ. ಎತ್ತರದ ಕೋಟೆ ಗೋಡೆ, ಅರಮನೆ, ಹಮ್ಮಾಮು, ದೊಡ್ಡ ಜಾಮಿ ಮಸೀದಿ. ರಾಜಧಾನಿ ಬೀದರಿಗೆ ಹೋದ ಮೇಲೆ ಆ ನಗರಕ್ಕೆ ಕೆಲಸ ಉಳಿಯಲಿಲ್ಲ. ಇಂದು ಅಲ್ಲಿಗೆ ಹೋದರೆ ಕಾಣುವುದು ಪಾಳುಬಿದ್ದ ಕಮಾನುಗಳು. ಹೆಸರಿನಲ್ಲಿ ಆಬಾದ್, ನೆಲದ ಮೇಲೆ ಬರಬಾದ್. ಶಹಾಬಾದಿನಲ್ಲಿ ಅಂಥ ಅರಮನೆ ಇಲ್ಲ, ಆದರೂ ಊರು ತುಂಬಿದೆ. ಇದಕ್ಕೆ ಕಾರಣ ಯಾವ ಶಾಹ್‌ನೂ ಅಲ್ಲ. ನಾವು ದಿನಾ ಸಜ್ದಾ ಮಾಡುವ ಜಾಗದ ಕೆಳಗೆ ಇದೆಯಲ್ಲ, ಆ ಕಲ್ಲು.

ಕಲ್ಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಭೂವಿಜ್ಞಾನಿಗಳು ನಮ್ಮ ಪ್ರದೇಶವನ್ನು ಭೀಮಾ ಜಲಾನಯನ ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಬೇರೆ ಕಡೆಯ ಬಂಡೆಗಳಂತೆ ಇವು ಹೆಚ್ಚು ಮಡಚಿ ತಿರುಚಿಕೊಳ್ಳಲಿಲ್ಲ, ಹಾಸಿದಲ್ಲೇ ಹಾಸಿಕೊಂಡು ಉಳಿದವು. ಆದ್ದರಿಂದ ಖಣಿಯಲ್ಲಿ ಪದರಿನ ಸಂದಿಗೆ ಉಳಿ ಇಟ್ಟು ಹೊಡೆದು ಹಾರೆಯಿಂದ ಮೀಟಿದರೆ ಕಲ್ಲು ರೊಟ್ಟಿಯ ಹಾಗೆ ಏಳುತ್ತದೆ. ಮೇಲೂ ಸಪಾಟು, ಕೆಳಗೂ ಸಪಾಟು. ಬೂದು, ನೀಲಿ, ಹಳದಿ, ಕೆಲವು ಕಡೆ ಗುಲಾಬಿ ಬಣ್ಣ. ಗರಗಸ ಬರುವ ಮೊದಲೇ ಈ ಕಲ್ಲು ಜಗತ್ತಿನ ಮನೆಗಳಿಗೆ ನೆಲ ಕೊಡಲು ಸಿದ್ಧವಾಗಿತ್ತು.

ನಮ್ಮ ಹಳ್ಳಿಗಳಲ್ಲಿ ಇದೇ ನೆಲ, ಇದೇ ಗೋಡೆ, ಇದೇ ಮಾಳಿಗೆ, ಇದೇ ಹೊಲದ ಬೇಲಿ. ದನದ ನೀರಿನ ತೊಟ್ಟಿ ಇದೇ. ವುಝೂ ಮಾಡುವ ಹೌಝಿನ ಕಟ್ಟೆ ಇದೇ. ಕಬರ್ ಮುಚ್ಚಲು ಅಡ್ಡ ಇಡುವ ಚಪ್ಪಡಿಯೂ ಇದೇ. ಜನಾಝಾದ ದಿನ ಆ ಚಪ್ಪಡಿಗಳನ್ನು ಒಂದೊಂದಾಗಿ ಇಳಿಸುವಾಗ ನನಗೆ ಕೆಲವು ಸಲ ಅನ್ನಿಸುವುದುಂಟು, ಈ ಮನುಷ್ಯ ಹುಟ್ಟಿದ್ದು ಈ ಕಲ್ಲಿನ ಮೇಲೆ, ಮಲಗುತ್ತಿರುವುದು ಇದರ ಕೆಳಗೆ.

ಈ ಕಲ್ಲಿಗೆ ನಾವು ‘ಫರ್ಶಿ’ ಎನ್ನುತ್ತೇವೆ. ಹಳ್ಳಿಗಳ ಬಾಯಲ್ಲಿ ಅದು ಪರಸಿ. ಮೂಲ ಅರಬಿಯ ‘ಫರ್ಶ್’, ಹಾಸುವುದು ಎಂದರ್ಥ. ಭೂಮಿಯನ್ನು ನಿಮಗಾಗಿ ಹಾಸಿದ್ದೇವೆ ಎಂಬ ಅರ್ಥದಲ್ಲಿ ಕುರ್‌ಆನಿನಲ್ಲಿ ಬರುವ ಪದವೂ ಇದೇ ಧಾತುವಿನದು. ಇನ್ನು ಕನ್ನಡದಲ್ಲಿ ಇದಕ್ಕೆ ಏನನ್ನುತ್ತಾರೆ? ಹಾಸುಗಲ್ಲು! ಅರಬಿಯವನೂ ಕನ್ನಡದವನೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕಲ್ಲಿಗೆ ಒಂದೇ ಅರ್ಥದ ಹೆಸರು ಇಟ್ಟಿದ್ದಾರೆ. ಆ ವಾರದ ನನ್ನ ಓದಿನಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದು.

ಕಲ್ಲಿನ ಕೆಲಸ ಇಲ್ಲಿ ನಿಜಾಮರ ಕಾಲದಲ್ಲಿ ಶುರುವಾದದ್ದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿಗೆ ಹೋದವರಿಗೆ ಗೊತ್ತು. ಅಲ್ಲಿನ ಬೌದ್ಧ ಸ್ತೂಪಕ್ಕೆ ಹೊದಿಸಿದ ಕೆತ್ತನೆಯ ಹಲಗೆಗಳು ಇದೇ ಸುಣ್ಣಕಲ್ಲಿನವು. ಒಂದು ಹಲಗೆಯ ಮೇಲೆ ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ, ಮೇಲೆ ಬ್ರಾಹ್ಮಿ ಅಕ್ಷರಗಳಲ್ಲಿ ‘ರಾಯ ಅಸೋಕ’ ಎಂದು ಬರೆದಿದೆ. ಅಶೋಕನ ಚಿತ್ರವೂ ಹೆಸರೂ ಒಟ್ಟಿಗೆ ಇರುವ ಹಲಗೆ ಅದು. ಎರಡು ಸಾವಿರ ವರ್ಷ ಹೆಸರು ಹೊತ್ತು ಮಣ್ಣಿನೊಳಗೆ ಮಲಗಿದ್ದ ಕಲ್ಲು ನಮ್ಮ ಜಿಲ್ಲೆಯದು.

ಸೇಡಂ ತಾಲೂಕಿನ ಮಳಖೇಡವನ್ನೂ ಮರೆಯುವಂತಿಲ್ಲ. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಹಿಜರಿ 237ರಲ್ಲಿ, ಎಂದರೆ 851ರಲ್ಲಿ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಬಂದಿರುವ ಅರಬಿ ವೃತ್ತಾಂತ ಈ ರಾಜರನ್ನು ‘ಬಲ್ಹರಾ’ ಎಂದು ಕರೆದು, ಬಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಕೈಸರ್ ಇವರ ಸಾಲಿನಲ್ಲಿ ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬರೆಂದು ಎಣಿಸುತ್ತದೆ. ಅವರ ಪಟ್ಟಣವನ್ನು ಅರಬರು ‘ಮಾನಕೀರ್’ ಎಂದು ಬರೆದರು. ಹತ್ತನೇ ಶತಮಾನದ ಅಲ್ ಮಸ್‌ಊದಿ, ಈ ರಾಜರ ಸೀಮೆಯಲ್ಲಿ ಮುಸಲ್ಮಾನರಿಗೆ ಗೌರವ ಇದೆ, ಮಸೀದಿಗಳಿವೆ ಎಂದು ದಾಖಲಿಸಿದ್ದಾರೆ. ಮಾನ್ಯಖೇಟ, ಮಾನಕೀರ್, ಮಳಖೇಡ. ಒಂದೇ ಊರಿಗೆ ಒಬ್ಬೊಬ್ಬರ ನಾಲಗೆ ಒಂದೊಂದು ರೂಪ ಕೊಟ್ಟಿತು, ಊರು ಇದ್ದಲ್ಲೇ ಇತ್ತು.

ಈಗ ಶಹಾಬಾದಿಗೆ ವಾಪಸ್ಸು ಬರೋಣ. ಈ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ರೈಲಿನಿಂದ. ಮುಂಬೈಯಿಂದ ಹೊರಟ ಜಿಐಪಿ ರೈಲು ದಾರಿ ಸೋಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ದಾರಿ ತೆರೆಯಿತು. ವಾಡಿ ಎಂಬ ಸಣ್ಣ ಬೀಡು ಜಂಕ್ಷನ್ ಆಯಿತು. ಮುಂಬೈ ಕಡೆಯವರು ನಿಜಾಮರ ರೈಲಿಗೆ ಹತ್ತುತ್ತಿದ್ದದ್ದು ಅಲ್ಲಿ. ಭಾರವಾದ ಕಲ್ಲನ್ನು ಎತ್ತಿನ ಗಾಡಿಯಲ್ಲಿ ಎಷ್ಟು ದೂರ ಒಯ್ಯಲು ಸಾಧ್ಯ? ವ್ಯಾಗನ್ ಸಿಕ್ಕ ಮೇಲೆ ಮಾತ್ರ ಅದು ದೂರದ ಊರುಗಳ ನೆಲ ಆಗಲು ಸಾಧ್ಯವಾಯಿತು. ಖಣಿ ಯಾವ ಹಳ್ಳಿಯದ್ದಾದರೂ ಕೊಳ್ಳುವವನಿಗೆ ಕಾಣುವುದು ಸ್ಟೇಶನ್ನಿನ ಹೆಸರು. ಕಲ್ಲಿಗೆ ಶಹಾಬಾದ್ ಎಂಬ ಹೆಸರು ಅಂಟಿಸಿದ್ದು ಬಾದಶಾಹನಿಗಿಂತ ಹೆಚ್ಚಾಗಿ ರೈಲಿನ ಗೂಡ್ಸ್ ಆಫೀಸು ಎಂದು ನನಗೆ ತೋರುತ್ತದೆ. ಮುಂಬೈ, ಪುಣೆಯ ಮರಾಠಿ ಮನೆಗಳಲ್ಲಿ ಇವತ್ತಿಗೂ ‘ಶಹಾಬಾದಿ ಫರಶಿ’ ಎಂಬುದು ಮನೆಮಾತು. ಆ ಅಜ್ಜಿಯರು ನಮ್ಮ ಊರನ್ನು ಕಂಡಿಲ್ಲ, ದಿನಾ ಬೆಳಿಗ್ಗೆ ಅದರ ಹೆಸರಿನ ಮೇಲೆ ನೀರು ಹಾಕಿ ತೊಳೆಯುತ್ತಾರೆ. ಭೂವಿಜ್ಞಾನಿಗಳೂ ಈ ಸುಣ್ಣಕಲ್ಲಿನ ಸ್ತರಕ್ಕೆ ಶಹಾಬಾದ್ ಸ್ತರ ಎಂದೇ ಹೆಸರಿಟ್ಟಿದ್ದಾರೆ. ಸಾಮಾನ್ಯವಾಗಿ ನೆಲ ಊರಿಗೆ ಹೆಸರು ಕೊಡುತ್ತದೆ. ಇಲ್ಲಿ ಊರು ನೆಲಕ್ಕೆ ಹೆಸರು ಕೊಟ್ಟಿತು.

ಹೊರ ದೇಶಗಳ ಗಣಿ ಊರುಗಳಲ್ಲಿ ಹೀಗೆ ಆಗಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕ ಊರಿಗೆ ಅಗೆಯಲು ಓಡಿಬಂದವರು ‘ನ್ಯೂ ರಶ್’ ಎಂದರು, ಹೊಸ ನೂಕುನುಗ್ಗಲು ಎಂದು. 1873ರಲ್ಲಿ ಸರಕಾರ ಅದನ್ನು ತೆಗೆದು, ಲಂಡನ್ನಿನಲ್ಲಿ ಕುಳಿತ ವಸಾಹತು ಮಂತ್ರಿ ಲಾರ್ಡ್ ಕಿಂಬರ್ಲಿಯ ಹೆಸರಿಟ್ಟಿತು. ನಮ್ಮದೇ ಕೋಲಾರದ ಚಿನ್ನದ ಗಣಿಯ ಪೇಟೆಗಳು ರಾಬರ್ಟ್‌ಸನ್, ಆಂಡರ್ಸನ್ ಎಂದು ಇಂಗ್ಲಿಷರ ಹೆಸರು ಹೊತ್ತಿವೆ. ಸುರಂಗಕ್ಕೆ ಇಳಿದ ಕೂಲಿಯ ಹೆಸರಿನ ಪೇಟೆ ಎಲ್ಲಿಯೂ ಕಾಣಲಿಲ್ಲ.

ಕಲ್ಲಿನ ಹಿಂದೆ ಸಿಮೆಂಟು ಬಂತು. ಚಪ್ಪಡಿಗೆ ಒಳ್ಳೆಯದಾದ ಸುಣ್ಣಕಲ್ಲು ಪುಡಿ ಮಾಡಿ ಜೇಡಿಯ ಜೊತೆ ಸುಟ್ಟರೆ ಸಿಮೆಂಟಿಗೂ ಒಳ್ಳೆಯದು. 1920ರ ದಶಕದಲ್ಲಿ ನಿಜಾಮರ ರಾಜ್ಯದಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಶುರುವಾಯಿತು. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಅದರಲ್ಲಿ ಇದೂ ಒಂದು. ಆಮೇಲೆ ವಾಡಿಯಲ್ಲಿ ದೊಡ್ಡ ಕಾರ್ಖಾನೆ, ಸೇಡಮ್ಮಿನಲ್ಲಿ, ಮಳಖೇಡದಲ್ಲಿ. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. ಮಸೀದಿಯ ಮೊದಲ ಸಫ್‌ನಲ್ಲಿ ನಿಲ್ಲುವವರಲ್ಲಿ ಅವರ ಮೊಮ್ಮಕ್ಕಳೂ ಇದ್ದಾರೆ.

ಇನ್ನೊಂದು ಸಂಗತಿ ಹುಡುಗನಿಗೆ ಬಹಳ ಹಿಡಿಸಿತು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ಮರುವಿಂಗಡಿಸಿದಾಗ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ನಮ್ಮ ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಆದರೆ ಅದರ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಈಗ ತೆಲಂಗಾಣ. ನೆಲದ ಕೆಳಗಿನ ಕಲ್ಲಿಗೆ ಈ ಗಡಿ ಗೊತ್ತಿಲ್ಲ, ಅದು ಆಚೆಗೂ ಹಾಗೇ ಹಾಸಿಕೊಂಡಿದೆ. ಆದರೆ ಮಾರ್ಕೆಟ್ಟಿನಲ್ಲಿ ಆಚೆ ತೆಗೆದದ್ದು ತಾಂಡೂರು ಕಲ್ಲು, ಈಚೆ ತೆಗೆದದ್ದು ಶಹಾಬಾದ್ ಕಲ್ಲು. ನದಿಯೂ ಹಾಗೇ. ತಾಂಡೂರಿನಲ್ಲಿ ಅದು ಕಾಗ್ನಾ, ನಮ್ಮಲ್ಲಿಗೆ ಬರುವಷ್ಟರಲ್ಲಿ ಕಾಗಿಣಾ. ಮದುವೆ ಸಂಬಂಧಗಳು ಮಾತ್ರ ಎರಡೂ ಕಡೆ ಮೊದಲಿನಂತೆಯೇ ನಡೆದಿವೆ, ನಿಕಾಹ್ ಓದಿಸಲು ನಾನೇ ಎಷ್ಟೋ ಸಲ ತಾಂಡೂರಿಗೆ ಹೋಗಿದ್ದೇನೆ.

ಶುಕ್ರವಾರ ಹುಡುಗ ಬಂದ. ಇಷ್ಟನ್ನೂ ಹೇಳುವಾಗ ಪಕ್ಕದಲ್ಲಿ ತಸ್ಬೀಹ್ ಹಿಡಿದು ಕುಳಿತ ಚಾಚಾ ಒಬ್ಬರು ಕೇಳಿಸಿಕೊಳ್ಳುತ್ತಿದ್ದರು. ಆಯುಷ್ಯವೆಲ್ಲ ಖಣಿಯಲ್ಲಿ ದುಡಿದವರು. ಎಡಗೈಯ ಎರಡು ಬೆರಳು ಸರಿಯಾಗಿ ಮಡಚುವುದಿಲ್ಲ. ನಾನು ಸುಲ್ತಾನರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಾಗ ಅವರು ನಡುವೆ ಬಾಯಿ ಹಾಕಿದರು.

“ಹಜರತ್, ನೀವ್ ಶಾಹ್ ಯಾರಂತ ಹುಡುಕ್ತೀರಿ. ಆಬಾದ್ ಮಾಡ್ದವ್ರು ಯಾರಂತ ಯಾಕ ಕೇಳಂಗಿಲ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಹುಡುಗನ ಕಡೆ ತಿರುಗಿ ಹೇಳಿದರು. ಅವರ ಖಣಿಯಲ್ಲಿ ಕಲ್ಲು ಮೀಟುವವರು ಬೇರೆ, ಅಂಚು ಕಡಿಯುವವರು ಬೇರೆ, ಹೊತ್ತು ಲಾರಿಗೆ ಹಾಕುವವರು ಬೇರೆ. ಒಂದೇ ಖಣಿಯೊಳಗೆ ಮುಸಲ್ಮಾನರು, ವಡ್ಡರು, ಹೊಲೆಯರು, ಲಂಬಾಣಿಗರು, ಲಿಂಗಾಯತರ ಹುಡುಗರೂ ಇದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳಿರುತ್ತಿರಲಿಲ್ಲ, ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿ ಅದರ ಕೆಳಗೆ ಕೂರುತ್ತಿದ್ದರು. ಬೇಸಿಗೆಯಲ್ಲಿ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಮಳೆಗಾಲದಲ್ಲಿ ಖಣಿ ತುಂಬಿ ಕೆಲಸ ನಿಲ್ಲುತ್ತಿತ್ತು, ಕೂಲಿಯೂ ನಿಲ್ಲುತ್ತಿತ್ತು. ಬಿಟ್ಟ ಖಣಿಗಳ ನೀರಿಗೆ ಈಜಲು ಹೋಗಬೇಡ ಎಂದು ಹುಡುಗನಿಗೆ ಗದರಿಸಿಯೂ ಬಿಟ್ಟರು. ಆ ಎಚ್ಚರಿಕೆಯನ್ನು ಈ ಪುಟ ಓದುವ ತಾಯಂದಿರಿಗೂ ತಲುಪಿಸುತ್ತಿದ್ದೇನೆ. ಆ ನೀರು ಮೇಲೆ ಶಾಂತವಾಗಿ ಕಾಣುತ್ತದೆ, ಒಳಗೆ ಗೋಡೆಯಂತೆ ಕಡಿದ ಆಳ.

“ಹೆಸರು ಬದಲಾಯಿಸ್ತಾರಾ ಚಾಚಾ?” ಎಂದು ಹುಡುಗ ಅವರನ್ನೂ ಕೇಳಿದ.

ಚಾಚಾ ನೆಲದ ಫರ್ಶಿಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. “ಬೋರ್ಡ್ ಬದಲಿ ಮಾಡಬಹುದಪ್ಪಾ. ಪುಣೆದಾಗ ನೆಲ ಹಾಸಿದ ಮನಿಯವ್ರಿಗಿ ಯಾರ್ ಹೇಳ್ಬೇಕು?”

ಹುಡುಗ ಎರಡು ಪುಟಕ್ಕೆ ಬದಲು ಐದು ಪುಟ ಬರೆದ. ಕೊಡುವ ಮೊದಲು ತಂದು ನನಗೆ ತೋರಿಸಿದ. ಬಾದಶಾಹನ ಹೆಸರನ್ನೂ ಬುಝುರ್ಗರ ಮಾತನ್ನೂ ಹೊಡೆದು ಹಾಕಿದ್ದ. ಮಾನಕೀರ್ ಎಂಬುದನ್ನು ಮಾತ್ರ ತಪ್ಪು ಬರೆದಿದ್ದ, ತಿದ್ದಿಕೊಟ್ಟೆ. ಕೊನೆಯ ಪುಟದಲ್ಲಿ ಒಂದು ಚಿತ್ರ ಬಿಡಿಸಿದ್ದ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ನೆರಳು, ಅದರ ಕೆಳಗೆ ಬುತ್ತಿ ಬಿಚ್ಚಿ ಕುಳಿತ ಐದಾರು ಜನ. ಯಾರು ಯಾರು ಎಂದು ಕೇಳಿದೆ. ಒಬ್ಬರು ಚಾಚಾ ಎಂದ, ಉಳಿದವರ ಹೆಸರುಗಳನ್ನು ಅವರ ಹತ್ತಿರ ಕೇಳಿ ಬರೆಯಬೇಕು ಎಂದ.